ಚಿಕ್ಕ ಮಕ್ಕಳ ವರ್ತನಾ ಮಾರ್ಗದರ್ಶನ

ಚಿಕ್ಕ ಮಕ್ಕಳ ವರ್ತನಾ ಮಾರ್ಗದರ್ಶನ ಎಂದರೆ ಆರು ವರ್ಷದೊಳಗಿನ ಮಕ್ಕಳು ತಮ್ಮ ಕೋಪ, ಭಯ, ಆಸೆಗಳನ್ನು ಗುರುತಿಸಿ ಹತೋಟಿಗೆ ತಂದುಕೊಳ್ಳಲು ಹಾಗೂ ಇತರರೊಡನೆ ಹೊಂದಿಕೊಂಡು ಬಾಳಲು ಕಲಿಯುವಂತೆ ಹಿರಿಯರು ನೀಡುವ ನೆರವು. ಶಿಕ್ಷೆಯು ತಪ್ಪನ್ನು ಆ ಕ್ಷಣಕ್ಕೆ ತಡೆಯುತ್ತದೆ. ಮಾರ್ಗದರ್ಶನವು ಅದರ ಬದಲಿಗೆ ಏನು ಮಾಡಬೇಕೆಂದು ಕಲಿಸುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ, ಮನೆಯನ್ನು ಬಿಟ್ಟರೆ, ಈ ಕಲಿಕೆಯ ಮುಖ್ಯ ತಾಣ ಅಂಗನವಾಡಿ.

ಹಿನ್ನೆಲೆ

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. 3ರಿಂದ 6 ವರ್ಷದ ಮಕ್ಕಳ ಶಾಲಾಪೂರ್ವ ಶಿಕ್ಷಣವು ಯೋಜನೆಯ ಆರು ಸೇವೆಗಳಲ್ಲಿ ಒಂದು. ಆದರೂ ಜನರ ಮಾತಿನಲ್ಲಿ ಅಂಗನವಾಡಿಯೆಂದರೆ ಊಟವೇ ಮೊದಲು ನೆನಪಾಗುತ್ತದೆ. 2022ರಲ್ಲಿ ಪ್ರಕಟವಾದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಾಮಾಜಿಕ ಮತ್ತು ಭಾವನಾತ್ಮಕ ಬೆಳವಣಿಗೆಯನ್ನು ಓದುಬರಹದಷ್ಟೇ ಮುಖ್ಯವಾದ ಕಲಿಕೆಯೆಂದು ಪರಿಗಣಿಸಿದೆ.

ಹಠದ ಕಾರಣಗಳು

ಎರಡು-ಮೂರು ವರ್ಷದ ಮಗು ನೆಲಕ್ಕೆ ಬಿದ್ದು ಹೊರಳಾಡುವುದು ಸಾಮಾನ್ಯವಾಗಿ ಕೆಟ್ಟತನದ ಲಕ್ಷಣವಲ್ಲ. ಆವೇಗವನ್ನು ತಡೆಹಿಡಿಯುವ ಮಿದುಳಿನ ಮುಂಭಾಗವು ಪೂರ್ಣವಾಗಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಇದರ ಜೊತೆಗೆ ಹಸಿವು, ನಿದ್ದೆಗೇಡು, ಹೇಳಬೇಕಾದುದಕ್ಕೆ ಮಾತು ಸಿಗದಿರುವುದು ಇವೂ ಸೇರುತ್ತವೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಂಥ ಗಡಿಸೀಮೆಯಲ್ಲಿ ಕೊನೆಯ ಕಾರಣಕ್ಕೆ ವಿಶೇಷ ತೂಕವಿದೆ. ಮನೆಯಲ್ಲಿ ಮರಾಠಿ ಅಥವಾ ಉರ್ದು ಆಡುವ ಮಗು ಕನ್ನಡದ ಅಂಗನವಾಡಿಗೆ ಬಂದಾಗ ಮೊದಲ ದಿನಗಳಲ್ಲಿ ಸುಮ್ಮನಿರಬಹುದು, ಇಲ್ಲವೇ ಕಚ್ಚಿ ಹೊಡೆಯಬಹುದು. ಅದನ್ನು ಮೊಂಡುತನವೆಂದು ಬಗೆಯುವ ಮೊದಲು ಅದರ ಮನೆಮಾತಿನಲ್ಲಿ ನಾಲ್ಕು ಶಬ್ದ ಆಡಿ ನೋಡುವುದು ಲೇಸು.

ವಿಧಾನ

ಗೋಕಾಕವು ಹಗುರ ಮರದಿಂದ ಮಾಡಿ ಬಣ್ಣ ಬಳಿದ ಹಣ್ಣು, ತರಕಾರಿ, ಪ್ರಾಣಿಗಳ ಆಟಿಕೆಗಳಿಗೆ ಹೆಸರುವಾಸಿ. ಅಂಥ ಹಣ್ಣುಗಳನ್ನಿಟ್ಟು ಸಂತೆಯಾಟ ಆಡುವ ಇಬ್ಬರು ಮಕ್ಕಳಲ್ಲಿ ಒಬ್ಬನು ಮಾವಿನಹಣ್ಣನ್ನು ಕಸಿದುಕೊಂಡನೆನ್ನೋಣ. ಹಿರಿಯರು ಮೊದಲು ಹೊಡೆತವನ್ನು ತಡೆದು, ಮಗುವಿನ ಎತ್ತರಕ್ಕೆ ಕುಳಿತು, ‘ನಿನಗೂ ಅದು ಬೇಕಿತ್ತು, ಸಿಟ್ಟು ಬಂತು’ ಎಂದು ಭಾವನೆಗೆ ಹೆಸರು ಕೊಡುತ್ತಾರೆ. ಬಳಿಕ ‘ಕೇಳಿ ತಗೋ’ ಎಂದು ಬದಲಿ ದಾರಿ ತೋರಿಸುತ್ತಾರೆ. ಉಪದೇಶಕ್ಕೆ ಇದು ಹೊತ್ತಲ್ಲ. ಅಳುವ ಮಗುವಿಗೆ ಉದ್ದನೆಯ ಮಾತು ತಲುಪುವುದಿಲ್ಲ. ಕೊಳ್ಳುವ-ಮಾರುವ ಆಟವೇ ಸರದಿ ಕಾಯುವುದನ್ನೂ ಮತ್ತೊಬ್ಬರ ಜಾಗದಲ್ಲಿ ನಿಂತು ನೋಡುವುದನ್ನೂ ಕಲಿಸುತ್ತದೆ.

ಮಗು ಕೇಳಿದ್ದಕ್ಕಿಂತ ಕಂಡದ್ದನ್ನು ಬೇಗ ಕಲಿಯುತ್ತದೆ. ಆಲ್ಬರ್ಟ್ ಬಂಡೂರ 1961ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಿರಿಯರು ಗಾಳಿ ತುಂಬಿದ ಗೊಂಬೆಯನ್ನು ಹೊಡೆಯುವುದನ್ನು ನೋಡಿದ ಮಕ್ಕಳು ತಾವೂ ಹಾಗೆಯೇ ಹೊಡೆದರು. ಹೊಡೆದು ‘ಹೊಡೆಯಬೇಡ’ ಎಂದು ಕಲಿಸುವುದರ ತೊಡಕು ಇದರಿಂದ ತಿಳಿಯುತ್ತದೆ.

ಕಾನೂನು ಮತ್ತು ತಪಾಸಣೆ

2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಸೆಕ್ಷನ್ ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಸ್ವೀಡನ್ 1979ರಲ್ಲಿಯೇ ಮನೆಯೊಳಗಿನ ಹೊಡೆತವನ್ನೂ ನಿಷೇಧಿಸಿತು.

ಮಗು ಹೆಸರು ಕರೆದರೂ ತಿರುಗಿ ನೋಡದಿದ್ದರೆ, ವಯಸ್ಸಿಗೆ ತಕ್ಕ ಮಾತು ಬಾರದಿದ್ದರೆ ಅಥವಾ ಕಲಿತ ಮಾತು ಮರೆತರೆ ಅದನ್ನು ಹಠದ ಲೆಕ್ಕಕ್ಕೆ ಸೇರಿಸಬಾರದು. ಶ್ರವಣದೋಷ ಅಥವಾ ಬೆಳವಣಿಗೆಯ ತೊಂದರೆ ಇರಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯಕೀಯ ತಂಡವು ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕು.