ಇಂಪ್ಲಾಂಟ್ ಮೇಲಿನ ‘ಲೇಸರ್ ಸರ್ಫೇಸ್’ ಎಂದರೇನು?

ಮಾಟುಂಗದ ಔಷಧಿ ಅಂಗಡಿಯೊಂದರ ಕೌಂಟರಿನಲ್ಲಿ ಕನ್ನಡದ ಹಿರಿಯರೊಬ್ಬರು ಹಲ್ಲಿನ ಡಾಕ್ಟರು ಕೊಟ್ಟ ಖರ್ಚಿನ ಚೀಟಿ ತೋರಿಸಿ ನನ್ನನ್ನು ಕೇಳಿದ್ದರು: “ಇಲ್ಲಿ ಲೇಸರ್ ಸರ್ಫೇಸ್ ಅಂತ ಇದೆಯಲ್ಲಮ್ಮಾ, ಬಾಯೊಳಗೆ ಲೇಸರ್ ಬಿಡ್ತಾರಾ?” ಇಲ್ಲ. ಆ ಕೆಲಸ ಇಂಪ್ಲಾಂಟ್ ತಯಾರಾಗುವ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಹಾಗಾದರೆ ಅದಕ್ಕೆ ಹೆಚ್ಚು ಹಣ ಕೊಡಬೇಕೇ? ಉತ್ತರಕ್ಕೆ ಲೋಹದ ಬಗ್ಗೆ ಸ್ವಲ್ಪ ತಿಳಿದಿರಬೇಕು.

ಗಾಳಿ ತಾಗಿದೊಡನೆ ಟೈಟಾನಿಯಂ ಮೇಲೆ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪದರ ಕಟ್ಟುತ್ತದೆ. ದೇಹದೊಳಗೆ ಅದು ತುಕ್ಕು ಹಿಡಿಯದಿರಲು ಈ ಪದರವೇ ಕಾರಣ. 1952ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಮೊಲದ ಮೂಳೆಯಲ್ಲಿ ಇಟ್ಟಿದ್ದ ಟೈಟಾನಿಯಂ ಸಾಧನವನ್ನು ತೆಗೆಯಲು ಹೋದರೆ ಅದು ಕಿತ್ತು ಬರಲಿಲ್ಲ. ಮೂಳೆ ಅದಕ್ಕೆ ಕೂಡಿಕೊಂಡಿತ್ತು. 1965ರಲ್ಲಿ ಅವರು ಮೊದಲ ರೋಗಿಗೆ ಹಲ್ಲಿನ ಇಂಪ್ಲಾಂಟ್ ಕೂರಿಸಿದರು. ಮೂಳೆಗೆ ಸಿಗುವುದು ಲೋಹದ ಹೊರಮೈ ಮಾತ್ರ. ಅದಕ್ಕೇ ಈ ಹೊರಮೈಯ ಮೇಲೆ ಇಷ್ಟೊಂದು ಕೆಲಸ ನಡೆದಿದೆ.

ಟೈಟಾನಿಯಂ ಕರಗುವುದು 1668 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಲೇಸರ್ ಕಿರಣ ಹರಿದ ಕಡೆ ಮೇಲಿನ ತೆಳು ಪದರ ಮಾತ್ರ ಕರಗುತ್ತದೆ. ಕೆಳಗಿನ ತಣ್ಣನೆಯ ಲೋಹ ಆ ಶಾಖವನ್ನು ಹೀರಿಕೊಳ್ಳುವುದರಿಂದ ಕಣ್ಣು ಮಿಟುಕಿಸುವುದರೊಳಗೆ ಅದು ಮತ್ತೆ ಗಟ್ಟಿಯಾಗುತ್ತದೆ. ಕಲ್ಲುಸಕ್ಕರೆಯ ಹರಳು ದೊಡ್ಡದಾಗಲು ದಿನಗಟ್ಟಲೆ ಬೇಕು; ಬೇಗ ಆರಿದ ಪಾಕದಲ್ಲಿ ಹರಳು ಸಣ್ಣದೇ. ಇಲ್ಲಿಯೂ ಪರಮಾಣುಗಳಿಗೆ ಸಾವಕಾಶವಾಗಿ ಜಾಗ ಹುಡುಕಿಕೊಳ್ಳಲು ಸಮಯ ಸಿಗದೆ ಸೂಜಿಯಂಥ ನವಿರು ರಚನೆ ಮೂಡುತ್ತದೆ. ಇದು ಮೊದಲಿನದಕ್ಕಿಂತ ಗಡಸು. ಒಳಗಿನ ಲೋಹ ಇದ್ದಂತೆಯೇ ಇರುತ್ತದೆ.

ಸುತ್ತ ಯಾವ ಅನಿಲ ಇದೆ ಎಂಬುದೂ ಮುಖ್ಯ. ಕಾದ ಟೈಟಾನಿಯಂ ಆಮ್ಲಜನಕವನ್ನು ಹೀರಿಕೊಂಡರೆ ಪೆಡಸಾಗುತ್ತದೆ. ಅದನ್ನು ತಪ್ಪಿಸಲು ಆರ್ಗಾನ್ ಬಿಡುತ್ತಾರೆ. ಸಾರಜನಕ ಬಿಟ್ಟರೆ ಚಿನ್ನದ ಬಣ್ಣದ, ತುಂಬ ಗಡಸಾದ ಟೈಟಾನಿಯಂ ನೈಟ್ರೈಡ್ ಉಂಟಾಗುತ್ತದೆ. ನಮ್ಮಲ್ಲಿ ಖರಗ್‌ಪುರದ ಐಐಟಿಯ ಸಂಶೋಧಕರು ಇಂಪ್ಲಾಂಟ್‌ಗೆಂದೇ ಈ ಎರಡೂ ಬಗೆಗಳನ್ನು ಪರೀಕ್ಷಿಸಿದ್ದಾರೆ. ಗಡಸುತನ ಏಕೆ ಬೇಕು? ಟೈಟಾನಿಯಂ ಗಟ್ಟಿಯಾದರೂ ಉಜ್ಜಾಟ ತಾಳದು. ಹಿಂದೆ ಸೊಂಟದ ಕೀಲಿನ ಗುಂಡನ್ನು ಟೈಟಾನಿಯಂನಲ್ಲಿ ಮಾಡಿದಾಗ ಅದು ಸವೆದು, ಸುತ್ತಲಿನ ಮಾಂಸ ಕಪ್ಪಾದದ್ದುಂಟು. ಈಗ ಆ ಗುಂಡಿಗೆ ಸಾಮಾನ್ಯವಾಗಿ ಕೋಬಾಲ್ಟ್-ಕ್ರೋಮಿಯಂ ಅಥವಾ ಸೆರಾಮಿಕ್ ಬಳಸುತ್ತಾರೆ.

ಹಲ್ಲಿನ ಇಂಪ್ಲಾಂಟ್‌ನಲ್ಲಿ ಉದ್ದೇಶ ಬೇರೆ. ಅಲ್ಲಿ ಲೇಸರ್ ಮೈಕ್ರೋಮೀಟರ್ ಲೆಕ್ಕದ ಗೀರು, ಗುಳಿಗಳನ್ನು ಕೊರೆಯುತ್ತದೆ. ಮೂಳೆಯ ಕೋಶಗಳಿಗೆ ಹಿಡಿತ ಸಿಗುತ್ತದೆ. ಮರಳಿನಂಥ ಪುಡಿ ಹೊಡೆದು ಆಮ್ಲದಲ್ಲಿ ತೊಳೆಯುವುದು ಇನ್ನೊಂದು ವಿಧಾನ. ಅದರಲ್ಲಿ ಪುಡಿಯ ಕಣ ಉಳಿಯಬಹುದು, ಲೇಸರಿನಲ್ಲಿ ಆ ತೊಂದರೆಯಿಲ್ಲ. ಆದರೆ ಆ ವಿಧಾನಕ್ಕೆ ದಶಕಗಳ ಅನುಭವದ ಬೆಂಬಲವಿದೆ. ಆದ್ದರಿಂದ ‘ಲೇಸರ್’ ಎಂಬ ಒಂದು ಪದಕ್ಕಾಗಿ ಸಾಲ ಮಾಡಬೇಡಿ ಎನ್ನುವುದು ನನ್ನ ಅಭಿಪ್ರಾಯ. ಕರಗಿ ಬೇಗ ಆರಿದ ಪದರದಲ್ಲಿ ಎಳೆತ ಉಳಿದು ಸಣ್ಣ ಬಿರುಕು ಬಂದರೆ, ವರ್ಷಾನುಗಟ್ಟಲೆ ಭಾರ ಹೊರುವ ಭಾಗ ದಣಿದು ಮುರಿಯಬಹುದು. ಒಳ್ಳೆಯ ತಯಾರಕರು ಇದನ್ನು ಪರೀಕ್ಷಿಸಿಯೇ ಮಾರುತ್ತಾರೆ.

ಮೂಳೆ ಕೂಡುವುದು ನಿಮ್ಮ ದೇಹದ ಕೆಲಸ. ಹತೋಟಿಯಿಲ್ಲದ ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು, ವಸಡಿನ ರೋಗ ಇದ್ದರೆ ಯಾವ ಹೊರಮೈಯೂ ಪೂರ್ತಿ ರಕ್ಷಿಸದು. ಮೂಳೆ ಸವೆತಕ್ಕೆ ಅಲೆಂಡ್ರೊನೇಟ್ ಮಾತ್ರೆ ಅಥವಾ ಜೊಲೆಡ್ರೊನಿಕ್ ಆಮ್ಲ, ಡೆನೊಸುಮ್ಯಾಬ್ ಚುಚ್ಚುಮದ್ದು ತೆಗೆದುಕೊಂಡಿದ್ದರೆ ಹಲ್ಲಿನ ಡಾಕ್ಟರಿಗೆ ಮೊದಲೇ ಹೇಳಿ. ಇವುಗಳಿಂದ ಅಪರೂಪಕ್ಕೆ, ಬಾಯಿಯ ಶಸ್ತ್ರಚಿಕಿತ್ಸೆಯ ನಂತರ ದವಡೆಯ ಮೂಳೆ ಸಾಯಬಹುದು. ‘ಅದು ಮೂಳೆಯ ಔಷಧಿ, ಹಲ್ಲಿಗೇನು ಸಂಬಂಧ’ ಎಂದು ಅನೇಕರು ಹೇಳದೇ ಬಿಡುತ್ತಾರೆ. ಈ ಔಷಧಿಗಳನ್ನಾಗಲಿ, ರಕ್ತ ತೆಳುವಾಗಿಸುವ ಮಾತ್ರೆಯನ್ನಾಗಲಿ ನೀವಾಗಿ ನಿಲ್ಲಿಸಬೇಡಿ.

ಭಾರತದಲ್ಲಿ ಇಂಪ್ಲಾಂಟ್‌ಗಳು 2017ರ ವೈದ್ಯಕೀಯ ಸಾಧನಗಳ ನಿಯಮಗಳಿಗೆ ಒಳಪಟ್ಟಿವೆ. ತಯಾರಕರ ಹೆಸರು, ಮಾದರಿ, ಲಾಟ್ ಸಂಖ್ಯೆ ಇರುವ ಲೇಬಲ್ಲನ್ನು ಕೇಳಿ ಪಡೆದು ಫೈಲಿನಲ್ಲಿ ಅಂಟಿಸಿಕೊಳ್ಳಿ, ಮೊಬೈಲಿನಲ್ಲೂ ಒಂದು ಫೋಟೊ ಇರಲಿ. ಮುಂದೆಂದಾದರೂ ಎಂಆರ್‌ಐ ಮಾಡಿಸುವಾಗ, ಅಥವಾ ಬೇರೆ ಊರಿನ ಡಾಕ್ಟರು ಕಳಚಿದ ತಿರುಪು ಬದಲಿಸಬೇಕಾದಾಗ, ಅದನ್ನೇ ಕೇಳುತ್ತಾರೆ.