ಪಂಗುತ್ವದ ರೂಪವೂ ಕಾರಣವೂ: ನಾಗರಖಂಡದ ಶಾಸನಗಳ ಬೆಳಕಿನಲ್ಲಿ ನರವಿಚ್ಛೇದ ವಿಚಾರ

ಶಾಸನಗಳಲ್ಲಿ ಬಂದಣಿಕೆಯೆಂದೂ ಬಾಂಧವಪುರವೆಂದೂ ಕರೆಯಿಸಿಕೊಂಡ, ನಾಗರಖಂಡ ಎಪ್ಪತ್ತರ ಮುಖ್ಯಸ್ಥಾನವಾಗಿದ್ದ ಇಂದಿನ ಬಂದಳಿಕೆಯಲ್ಲಿ, ಗಂಡನ ಮರಣಾನಂತರ ನಾಳ್ಗಾವುಂಡಪದವಿಯನ್ನು ವಹಿಸಿಕೊಂಡು ಆ ನಾಡನ್ನು ಸಮರ್ಥವಾಗಿ ಆಳಿದ ಜಕ್ಕಿಯಬ್ಬೆಯು ದೇಹವು ರೋಗಕ್ಕೆ ವಶವಾಗಲು ಸಲ್ಲೇಖನವ್ರತವನ್ನು ಕೈಕೊಂಡು ಮುಡಿಪಿದಳೆಂದು 10ನೆಯ ಶತಮಾನದ ಆರಂಭದ ಶಾಸನವೊಂದು ತಿಳಿಸುತ್ತದೆ. ಆ ರೋಗದ ಹೆಸರನ್ನು ಶಾಸನಕಾರನು ಹೇಳಲಿಲ್ಲ. ಅದನ್ನು ಊಹಿಸಹೊರಡುವುದು ಸಂಶೋಧಕನಿಗೆ ಉಚಿತವೂ ಅಲ್ಲ.

ಇದೇ ಸೀಮೆಯ ಬಳ್ಳಿಗಾವೆಯಲ್ಲಿ ಕೇದಾರೇಶ್ವರಾಲಯಕ್ಕೆ ಸೇರಿದ ಕೋಡಿಯಮಠದ ಮಹಿಮೆಯನ್ನು ವರ್ಣಿಸುವ 1162ರ ಶಾಸನವಾದರೋ ನಮಗೆ ಹೆಚ್ಚು ಸಹಾಯಕವಾಗಿದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆ ಅಲ್ಲಿ ಅನ್ನದಾನ ನಡೆಯುತ್ತಿದ್ದುದನ್ನೂ, ಅನಾಥ ರೋಗಿಗಳಿಗೆ ಔಷಧೋಪಚಾರ ದೊರೆಯುತ್ತಿದ್ದುದನ್ನೂ ಅದು ಬೇರೆಬೇರೆಯಾಗಿ ಹೇಳುತ್ತದೆ. ಕುಂಟನು ಅನ್ನದ ಪಂಕ್ತಿಯಲ್ಲಿ ಹೆಸರಿಟ್ಟು ಗಣಿತನಾಗಿದ್ದಾನೆ, ಮದ್ದಿನ ಪಂಕ್ತಿಯಲ್ಲಲ್ಲ ಎಂಬುದು ಗಮನಾರ್ಹ.

ಅಂಗವೈಕಲ್ಯದ ಕಾರಣವನ್ನು ಪ್ರಾಚೀನರು ಅರಸಲೇ ಇಲ್ಲವೆನ್ನುವಂತಿಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನವು ಎಣಿಸುವ 107 ಮರ್ಮಗಳಲ್ಲಿ, ಎದೆಗೂ ಕಂಕುಳಿಗೂ ನಡುವಣ ಕಕ್ಷಧರಕ್ಕೆ ಪೆಟ್ಟಾದರೆ ಪಕ್ಷಾಘಾತವೂ, ಮೊಣಕೈಯ ಕೂರ್ಪರಕ್ಕೆ ಪೆಟ್ಟಾದರೆ ಕೈಸೊಟ್ಟೂ ಸಂಭವಿಸುವುವೆಂದಿದೆ. ತೋಳಿಗೆ ಹೋಗುವ ನರಗಳ ಜಾಲವು ಕಂಕುಳಿನ ಮಾರ್ಗವಾಗಿಯೇ ಸಾಗುವುದನ್ನು ಬಲ್ಲವರಿಗೆ ಈ ಅವಲೋಕನದ ಸೂಕ್ಷ್ಮತೆ ವಿಸ್ಮಯವನ್ನುಂಟುಮಾಡದಿರದು. ಆದರೆ ತೊಡೆಯ ಊರ್ವೀಮರ್ಮಕ್ಕೆ ಗಾಯವಾದಾಗ ಕಾಲು ಬತ್ತುವುದು ರಕ್ತಕ್ಷಯದಿಂದ ಎಂದು ಅದೇ ಗ್ರಂಥವು ಹೇಳುವುದರಿಂದ, ಸ್ಥಾನ ತಿಳಿದಿದ್ದರೂ ನರವೆಂಬ ಕಾರಣ ಸ್ಪಷ್ಟವಾಗಿರಲಿಲ್ಲವೆಂದು ತೋರುತ್ತದೆ.

ಪಶ್ಚಿಮದಲ್ಲಿ 2ನೆಯ ಶತಮಾನದ ಗೇಲನನು ಹಂದಿಯ ಕಂಠಕ್ಕೆ ಹೋಗುವ ನರವನ್ನು ಛೇದಿಸಿ ಅದರ ಧ್ವನಿ ಅಡಗುವುದನ್ನು ತೋರಿಸಿದ್ದನು. 1850ರಲ್ಲಿ ಅಗಸ್ಟಸ್ ವಾಲರನು ಕಪ್ಪೆಯ ನಾಲಗೆಯ ನರಗಳನ್ನು ಕತ್ತರಿಸಿ, ಮೂಲದಿಂದ ಬೇರ್ಪಟ್ಟ ಭಾಗವು ಕ್ರಮೇಣ ಶಿಥಿಲವಾಗುವುದೆಂದು ಪ್ರತಿಪಾದಿಸಿದನು. ನರಸಂಬಂಧ ಕಡಿದ ಸ್ನಾಯುವು ಮೊದಲು ಸಡಿಲಾಗಿ, ಕೆಲವು ವಾರಗಳಲ್ಲಿ ಬತ್ತತೊಡಗಿ, ಬಹುಕಾಲ ಹಾಗೆಯೇ ಉಳಿದರೆ ನಾರುಗಟ್ಟುತ್ತದೆ. ಕಡಿದ ನರವು ಮತ್ತೆ ಬೆಳೆಯಬಲ್ಲುದಾದರೂ ಅದರ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರು ಮಾತ್ರ. ಎಂದಮೇಲೆ ಕಂಕುಳಿನಿಂದ ಅಂಗೈಯನ್ನು ಅದು ಮುಟ್ಟುವುದಕ್ಕೆ ಒಂದೂವರೆ ವರ್ಷಕ್ಕೂ ಮಿಗಿಲಾಗಿ ಬೇಕು, ಅಷ್ಟರಲ್ಲಿ ಅಲ್ಲಿಯ ಸ್ನಾಯುಗಳು ಅದನ್ನು ಬರಮಾಡಿಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡಿರಬಹುದು.

ಕೋಡಿಯಮಠದ ಕುಂಟರೆಲ್ಲ ನರವಿಚ್ಛೇದದಿಂದಲೇ ಕುಂಟರಾದವರೆಂದು ಹೇಳಲು ಆಧಾರವಿಲ್ಲ. ಮೂಳೆ ಮುರಿದವರೂ ಹುಟ್ಟುಕುಂಟರೂ ಅವರಲ್ಲಿ ಇದ್ದಿರಬೇಕು. ಆದರೂ ಮದ್ದಿಗೆ ನಿಲುಕುವ ಕಾಲ ಮೀರಿದ ಅಂಗವೊಂದುಂಟೆಂಬುದನ್ನು, ಕಾರಣವನ್ನರಿಯದೆಯೂ, ಆ ಮಠದವರು ಅನುಭವದಿಂದ ಕಂಡುಕೊಂಡಿದ್ದರೆಂದೂ, ಅಂಥವರ ಪಾಲಿಗೆ ಅನ್ನವನ್ನಾದರೂ ಶಾಶ್ವತಗೊಳಿಸಿದರೆಂದೂ ಆ ಎರಡು ಪಂಕ್ತಿಗಳನ್ನು ಓದಿಕೊಳ್ಳುವುದು ಅಸಂಗತವಾಗದು.