ಟ್ರ್ಯಾಂಪ್ (ತಂತ್ರಾಂಶ)

ಟ್ರ್ಯಾಂಪ್ ಎಂಬುದು ಗ್ನೂ ಇಮ್ಯಾಕ್ಸ್ ಪಠ್ಯ ಸಂಪಾದಕದ ಒಂದು ವಿಸ್ತರಣಾ ತಂತ್ರಾಂಶ. ದೂರದ ಗಣಕದಲ್ಲಿರುವ ಕಡತಗಳನ್ನು ತನ್ನ ಗಣಕದಲ್ಲೇ ಇರುವ ಕಡತಗಳಂತೆ ತೆರೆದು, ತಿದ್ದಿ, ಉಳಿಸಲು ಇದು ಅನುವು ಮಾಡಿಕೊಡುತ್ತದೆ. ಇಮ್ಯಾಕ್ಸ್ 22ನೆಯ ಆವೃತ್ತಿಯಿಂದ (2007) ಸಂಪಾದಕದೊಡನೆಯೇ ವಿತರಣೆಯಾಗುತ್ತಿದೆ.

ಇತಿಹಾಸ

ಇಮ್ಯಾಕ್ಸ್‌ನಲ್ಲಿ ದೂರದ ಕಡತಗಳನ್ನು ತೆರೆಯುವ ಸೌಲಭ್ಯವನ್ನು ಇದಕ್ಕೂ ಮುಂಚೆ ಒದಗಿಸುತ್ತಿದ್ದುದು ಆಂಡಿ ನಾರ್ಮನ್ ಬರೆದ ಆಂಜ್-ಎಫ್‌ಟಿಪಿ. ಎಫ್‌ಟಿಪಿ ಪ್ರೋಟೋಕಾಲ್ ಗುಪ್ತಪದವನ್ನು ಗೂಢಲಿಪಿಯಿಲ್ಲದೆ ಕಳುಹಿಸುವುದರಿಂದ, ಎಸ್‌ಎಸ್‌ಎಚ್ ಬಳಕೆಗೆ ಬಂದ ಮೇಲೆ ಅದರ ಮಹತ್ವ ಕುಗ್ಗಿತು. 1998ರ ನವೆಂಬರ್ ಕೊನೆಯಲ್ಲಿ ಕೈ ಗ್ರೋಸ್‌ಯೋಹಾನ್ ಅವರು ಎಸ್‌ಎಸ್‌ಎಚ್ ಮೂಲಕ ಪ್ರವೇಶಿಸಿ ಎಸ್‌ಸಿಪಿ ಮೂಲಕ ಕಡತ ಸಾಗಿಸುವ ಒಂದು ಸಣ್ಣ ಕಾರ್ಯಕ್ರಮವನ್ನು ಆರಂಭಿಸಿದರು. ಎರಡು ಬಾರಿ ಹೆಸರು ಬದಲಾಯಿಸಿಕೊಂಡು ಅದೇ ಟ್ರ್ಯಾಂಪ್ ಆಯಿತು. 2002ರ ಜುಲೈಯಲ್ಲಿ ಆಂಜ್-ಎಫ್‌ಟಿಪಿಯ ಕಡತನಾಮಗಳೂ ಇದರೊಳಗೆ ಸೇರಿದವು. 2005ರ ಡಿಸೆಂಬರ್‌ನಲ್ಲಿ ದೂರದ ಗಣಕದಲ್ಲಿ ಆದೇಶಗಳನ್ನು ನಡೆಸುವ ಸಾಮರ್ಥ್ಯ ಬಂದಿತು. ಬಹುಕಾಲದಿಂದ ಮೈಕೆಲ್ ಆಲ್ಬಿನಸ್ ಇದರ ನಿರ್ವಾಹಕರು.

ಕಾರ್ಯವಿಧಾನ

ಬಳಕೆದಾರನು ಸಂಪರ್ಕದ ವಿಧಾನ, ಖಾತೆ, ಗಣಕ ಮತ್ತು ಕಡತದ ಮಾರ್ಗ ಇವಿಷ್ಟನ್ನೂ ಒಂದೇ ಕಡತನಾಮದಲ್ಲಿ ಬರೆಯುತ್ತಾನೆ. ಟ್ರ್ಯಾಂಪ್ ಆ ಗಣಕದಲ್ಲಿ ಒಂದು ಶೆಲ್ ತೆರೆದು, ಮನುಷ್ಯನೊಬ್ಬ ಕೀಲಿಮಣೆಯಿಂದ ಒತ್ತುವಂತೆಯೇ ಆದೇಶಗಳನ್ನು ಕಳುಹಿಸಿ, ಉತ್ತರವನ್ನು ಓದಿಕೊಳ್ಳುತ್ತದೆ. ದೂರದ ಗಣಕದಲ್ಲಿ ಬೇರಾವ ತಂತ್ರಾಂಶವನ್ನೂ ಸ್ಥಾಪಿಸಬೇಕಾಗಿಲ್ಲ. ಇದೇ ಇದರ ದೊಡ್ಡ ಅನುಕೂಲ. ದೊಡ್ಡ ಕಡತಗಳನ್ನು ಎಸ್‌ಸಿಪಿಯಂತಹ ಹೊರಗಿನ ಸಾಧನದ ಮೂಲಕವೂ, ಸಣ್ಣವನ್ನು ಅದೇ ಶೆಲ್ ಮೂಲಕ ಬೇಸ್64 ಸಂಕೇತಕ್ಕೆ ಪರಿವರ್ತಿಸಿಯೂ ಸಾಗಿಸಬಹುದು. ಈ ಪರಿವರ್ತನೆಯಿಂದ ಗಾತ್ರ ಸುಮಾರು ಮೂರನೆಯ ಒಂದರಷ್ಟು ಹೆಚ್ಚಿದರೂ, ಯುಟಿಎಫ್-8ರಲ್ಲಿ ಪ್ರತಿ ಸಂಕೇತಕ್ಕೆ 3 ಬೈಟ್ ಹಿಡಿಯುವ ಕನ್ನಡದಂತಹ ಲಿಪಿಗಳ ಪಠ್ಯ ದಾರಿಯಲ್ಲಿ ಕೆಡುವುದಿಲ್ಲ.

ಶೆಲ್‌ನ ಉತ್ತರ ಎಲ್ಲಿಗೆ ಮುಗಿಯಿತೆಂಬುದನ್ನು ಟ್ರ್ಯಾಂಪ್ ಪ್ರಾಂಪ್ಟ್ ಗುರುತಿನಿಂದ ತಿಳಿಯುತ್ತದೆ. ಆದಕಾರಣ ಬಣ್ಣಬಣ್ಣದ ಅಲಂಕೃತ ಪ್ರಾಂಪ್ಟ್ ಇರುವ ಖಾತೆಗಳಲ್ಲಿ ಸಂಪರ್ಕ ಅರ್ಧಕ್ಕೆ ನಿಂತುಬಿಡುವುದು ಅತಿ ಪರಿಚಿತ ತೊಂದರೆ. ಟ್ರ್ಯಾಂಪ್ ತನ್ನ ಟರ್ಮಿನಲ್ ಬಗೆಯನ್ನು 'ಡಂಬ್' ಎಂದು ಘೋಷಿಸಿಕೊಳ್ಳುತ್ತದೆ. ಶೆಲ್‌ನ ಆರಂಭಿಕ ಕಡತದಲ್ಲಿ ಇದನ್ನು ಪರೀಕ್ಷಿಸಿ ಸರಳ ಪ್ರಾಂಪ್ಟ್ ನೀಡುವುದೇ ಪರಿಹಾರ.

ಆವೃತ್ತಿ ನಿಯಂತ್ರಣದೊಡನೆ ಸಂಬಂಧ

ಸೇವೆಯಲ್ಲಿರುವ ಸರ್ವರ್‌ನ ಕಡತವನ್ನು ನೇರವಾಗಿ ತಿದ್ದಿ ಉಳಿಸಿದರೆ ಹಳೆಯ ಪಠ್ಯದ ಮೇಲೆ ಹೊಸದು ಕೂರುತ್ತದೆ. ಯಾರು, ಯಾವಾಗ, ಏಕೆ ಬದಲಾಯಿಸಿದರೆಂಬ ದಾಖಲೆ ಉಳಿಯುವುದಿಲ್ಲ. ಕಡತ ಸಾಗಣೆಯನ್ನಷ್ಟೇ ಮಾಡುವ ವಿಸ್ತರಣೆಗಳೆಲ್ಲಕ್ಕೂ ಈ ಕೊರತೆ ಇದೆ. ವಿಮ್ ಸಂಪಾದಕದ ನೆಟ್‌ಆರ್‌ಡಬ್ಲ್ಯೂ ಇದಕ್ಕೊಂದು ಉದಾಹರಣೆ: ಅದು ದೂರದ ಕಡತದ ತಾತ್ಕಾಲಿಕ ಪ್ರತಿಯನ್ನು ತಂದು, ಉಳಿಸಿದಾಗ ಹಿಂದಕ್ಕೆ ಕಳುಹಿಸುತ್ತದೆ. ಆ ಒಂಟಿ ಪ್ರತಿಯ ಸುತ್ತ ಗಿಟ್ ಭಂಡಾರವಿರುವುದಿಲ್ಲ.

ಟ್ರ್ಯಾಂಪ್ ಆದೇಶಗಳನ್ನು ದೂರದ ಗಣಕದಲ್ಲಿಯೇ ನಡೆಸುವುದರಿಂದ, ಇಮ್ಯಾಕ್ಸ್‌ನ ವಿಸಿ ವಿಭಾಗವೂ ಮ್ಯಾಗಿಟ್ ಎಂಬ ಗಿಟ್ ವಿಸ್ತರಣೆಯೂ ಅಲ್ಲಿನ ಭಂಡಾರದ ಮೇಲೆಯೇ ಕೆಲಸ ಮಾಡಬಲ್ಲವು. ಅಲ್ಲಿ ಗಿಟ್ ಸ್ಥಾಪಿತವಾಗಿರಬೇಕು ಅಷ್ಟೆ. ಆದರೆ ಕಮಿಟ್‌ನಲ್ಲಿ ದಾಖಲಾಗುವ ಹೆಸರು ಆ ಗಣಕದ ಗಿಟ್ ಸಂರಚನೆಯದು, ಬಳಕೆದಾರನ ಸ್ವಂತ ಗಣಕದ್ದಲ್ಲ. ಹಲವರು ಒಂದೇ ಖಾತೆಯನ್ನು ಹಂಚಿಕೊಂಡಿದ್ದರೆ ಎಲ್ಲರ ಕೆಲಸವೂ ಒಬ್ಬರ ಹೆಸರಿನಲ್ಲಿ ದಾಖಲಾಗುತ್ತದೆ. ದೋಷದ ಮೂಲ ಹುಡುಕುವಾಗ ಇದು ದಾಖಲೆಯೇ ಇಲ್ಲದಿರುವುದಕ್ಕಿಂತ ಹೆಚ್ಚು ದಾರಿ ತಪ್ಪಿಸಬಲ್ಲದು.

ಇನ್ನೊಂದು ತೊಡಕು ವೇಗದ್ದು. ಕಡತ ತೆರೆದಾಗಲೆಲ್ಲ ವಿಸಿಯು ಆರ್‌ಸಿಎಸ್, ಸಿವಿಎಸ್, ಸಬ್‌ವರ್ಷನ್, ಗಿಟ್, ಮರ್ಕ್ಯುರಿಯಲ್ ಮೊದಲಾದ ವ್ಯವಸ್ಥೆಗಳ ಗುರುತುಗಳನ್ನು ಒಂದೊಂದಾಗಿ ಹುಡುಕುತ್ತದೆ. ಪ್ರತಿ ಹುಡುಕಾಟವೂ ಜಾಲದ ಮೇಲೆ ಒಂದು ಹೋಗಿಬರುವ ಪಯಣ. ನಿಧಾನವೆನಿಸಿದಾಗ ಅನೇಕರು ದೂರದ ಕಡತಗಳಿಗೆ ವಿಸಿಯನ್ನೇ ನಿಲ್ಲಿಸುತ್ತಾರೆ. ಗಿಟ್ ಒಂದನ್ನೇ ಉಳಿಸಿ ಉಳಿದವನ್ನು ಪಟ್ಟಿಯಿಂದ ತೆಗೆದರೆ ವಿಳಂಬದ ಒಂದು ಪಾಲು ಕಡಿಮೆಯಾಗುತ್ತದೆ, ಇತಿಹಾಸವೂ ಕೈತಪ್ಪುವುದಿಲ್ಲ.

ಸುರಕ್ಷತೆ

ಕಡತವನ್ನು ತೆರೆದ ಮೇಲೆ ಬೇರೊಬ್ಬರು ಅದನ್ನು ಬದಲಾಯಿಸಿದ್ದರೆ, ಉಳಿಸುವ ಮುನ್ನ ಇಮ್ಯಾಕ್ಸ್ ಎಚ್ಚರಿಸುತ್ತದೆ. ಆದರೆ ಟ್ರ್ಯಾಂಪ್ ಕಡತಗಳ ವಿವರವನ್ನು ಸಾಮಾನ್ಯವಾಗಿ 10 ಸೆಕೆಂಡುಗಳವರೆಗೆ ನೆನಪಿಟ್ಟುಕೊಳ್ಳುವುದರಿಂದ ಅಷ್ಟರೊಳಗಿನ ಬದಲಾವಣೆ ಗಮನಕ್ಕೆ ಬಾರದಿರಬಹುದು. ಕಡತಕ್ಕೆ ಬೀಗ ಹಾಕುವ ವ್ಯವಸ್ಥೆ ದೂರದ ಕಡತಗಳಿಗೆ ದೊರೆತದ್ದು ಇಮ್ಯಾಕ್ಸ್ 28ರಲ್ಲಿ (2022). ಅದೂ ಇತರ ಇಮ್ಯಾಕ್ಸ್ ಬಳಕೆದಾರರನ್ನು ಮಾತ್ರ ತಡೆಯುತ್ತದೆ.

ಸುಡೊ ವಿಧಾನದಿಂದ ಮೂಲಬಳಕೆದಾರನ ಕಡತಗಳನ್ನೂ ತಿದ್ದಬಹುದು. ಆಗ ಅವುಗಳ ಬ್ಯಾಕಪ್ ಅಥವಾ ಸ್ವಯಂ-ಉಳಿಕೆ ಪ್ರತಿಗಳು ಸಾಮಾನ್ಯ ಬಳಕೆದಾರನ ಕೋಶಕ್ಕೆ ಸೇರಿದರೆ ಗೋಪ್ಯ ವಿಷಯ ಬಯಲಾಗಬಹುದಾದ್ದರಿಂದ, ಟ್ರ್ಯಾಂಪ್ ಅಂತಹ ಪ್ರತಿ ಬರೆಯುವ ಮುನ್ನ ಅನುಮತಿ ಕೇಳುತ್ತದೆ. ಈ ಪ್ರಶ್ನೆಗೆ ಯಾಂತ್ರಿಕವಾಗಿ 'ಹೌದು' ಎನ್ನುವುದು ತರವಲ್ಲ.